ಮುಂಬಯಿಯ ಮನೆಯಲ್ಲಿ ಸೂಕ್ಷ್ಮಜೀವಿಗಳು: ಯಾವುದಕ್ಕೆ ಜಾಗ ಕೊಡಬೇಕು, ಯಾವುದಕ್ಕೆ ಕೊಡಬಾರದು

ಮೇ ತಿಂಗಳಲ್ಲಿ ಮುಂಬಯಿಯಲ್ಲಿ ರಾತ್ರಿ ಹತ್ತಕ್ಕೆ ಹೆಪ್ಪು ಹಾಕಿದ ಹಾಲು ನಸುಕಿನಲ್ಲೇ ಗಟ್ಟಿ ಮೊಸರಾಗಿರುತ್ತದೆ, ನಾವು ಏಳುವಷ್ಟರಲ್ಲಿ ಹುಳಿ ಬಂದಿರುತ್ತದೆ. ಅದೇ ರಾತ್ರಿ ಒಲೆಯ ಮೇಲೆ ಮರೆತ ಸಾಂಬಾರಿನಲ್ಲಿ ಬೆಳಿಗ್ಗೆ ನೊರೆ ಕಟ್ಟಿರುತ್ತದೆ. ಎರಡೂ ಕಡೆ ನಡೆದದ್ದು ಒಂದೇ. ಬೆಚ್ಚಗಿನ, ಒದ್ದೆಯಾದ, ಆಹಾರ ತುಂಬಿದ ಜಾಗ ಸಿಕ್ಕಿತು, ಸೂಕ್ಷ್ಮಜೀವಿಗಳು ಹೆಚ್ಚಿದವು. ಮೊಸರಿನಲ್ಲಿ ಹೆಚ್ಚಿದವು ನಾವೇ ಬೇಕೆಂದು ಹಾಕಿದವು, ಸಾಂಬಾರಿನಲ್ಲಿ ಹೆಚ್ಚಿದವು ಕರೆಯದೆ ಬಂದವು.

ಮನೆಯನ್ನೆಲ್ಲ ಕ್ರಿಮಿಮುಕ್ತ ಮಾಡುತ್ತೇವೆಂದು ಹೇಳುವ ದ್ರಾವಣಗಳು ಅಂಗಡಿ ತುಂಬ ಇವೆ. ಅದು ಆಗುವ ಕೆಲಸವಲ್ಲ, ಬೇಕಾದ ಕೆಲಸವೂ ಅಲ್ಲ. ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುಕಡಿಮೆ ನಮ್ಮ ಸ್ವಂತ ಜೀವಕೋಶಗಳಷ್ಟೇ ಇದೆ. ಬಹುಪಾಲು ಕರುಳಿನಲ್ಲಿದ್ದು, ನಾವು ಜೀರ್ಣಿಸಲಾರದ ನಾರನ್ನು ಒಡೆದು ನಮಗೇ ಪೋಷಣೆ ಕೊಡುತ್ತವೆ. ಹಾಗಾಗಿ ಇಲ್ಲಿ ಹೇಳಹೊರಟಿರುವುದು ಕೊಲ್ಲುವ ವಿದ್ಯೆಯನ್ನಲ್ಲ. ಯಾವ ಜೀವಿ, ಎಲ್ಲಿ, ಎಷ್ಟು ಹೊತ್ತು ಬೆಳೆಯಬೇಕು ಎಂಬುದನ್ನು ನಾವು ನಿರ್ಧರಿಸುವ ಬಗೆಯನ್ನು. ಮಾಟುಂಗ, ಮುಲುಂಡ್, ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಊರಿನ ಅಡುಗೆಯನ್ನು ಉಳಿಸಿಕೊಂಡಿರುವ ನಮ್ಮ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ ಲೆಕ್ಕ

ಅನುಕೂಲ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದೇ ಒಂದು ಜೀವಿ 8 ಗಂಟೆ ಹೀಗೆ ಇಮ್ಮಡಿಸುತ್ತ ಹೋದರೆ 1 ಕೋಟಿ 67 ಲಕ್ಷ ದಾಟುತ್ತದೆ. ಮೊದಲ ಎರಡು ಗಂಟೆಯಲ್ಲಿ ಆಗಿರುವುದು ಬರೀ 64. ಅಡುಗೆಯ ಸುರಕ್ಷತೆಯಲ್ಲಿ ‘ಎರಡು ಗಂಟೆಯೊಳಗೆ’ ಎಂಬ ಮಾತು ಮತ್ತೆ ಮತ್ತೆ ಬರುವುದು ಈ ಕಾರಣಕ್ಕೇ.

ಅವುಗಳ ಬೆಳವಣಿಗೆಗೆ ಹೇಳಿ ಮಾಡಿಸಿದ್ದು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ. ಮುಂಬಯಿಯ ಗಾಳಿ ವರ್ಷದ ಬಹುಪಾಲು 25ರಿಂದ 33ರ ನಡುವೆ ಇರುತ್ತದೆ. ಬಿಸಿ ಬಿಟ್ಟರೆ ನಮ್ಮ ಕೈಯಲ್ಲಿರುವ ಹತೋಟಿಗಳು ಉಪ್ಪು, ಹುಳಿ ಮತ್ತು ಒಣಗಿಸುವುದು. ಅಜ್ಜಿಯಂದಿರ ಉಪ್ಪಿನಕಾಯಿ, ಹುಣಸೆಯ ಗೊಜ್ಜು, ಹಪ್ಪಳ, ಬಾಳಕ ಎಲ್ಲವೂ ಈ ಮೂರರ ಮೇಲೇ ನಿಂತಿವೆ. ಉಪ್ಪಿನಕಾಯಿ ಭರಣಿಯ ಮಟ್ಟಿಗೆ ಎರಡೇ ಮಾತು: ಉಪ್ಪನ್ನು ಕಡಿಮೆ ಮಾಡಬೇಡಿ, ಒದ್ದೆ ಚಮಚ ಹಾಕಬೇಡಿ. ಆರೋಗ್ಯಕ್ಕೆಂದು ಉಪ್ಪು ಇಳಿಸಿ ಹಾಕಿದ ಮಿಡಿ ಉಪ್ಪಿನಕಾಯಿ ಇಲ್ಲಿಯ ಜುಲೈ ದಾಟುವುದಿಲ್ಲ. ಉಪ್ಪು ಕಡಿಮೆ ತಿನ್ನಬೇಕಿದ್ದರೆ ಉಪ್ಪಿನಕಾಯಿಯನ್ನೇ ಕಡಿಮೆ ತಿನ್ನಿ.

ಮೊಸರು: ಬೇಕಾದವನ್ನು ಬೆಳೆಸುವ ಮೊದಲ ಪಾಠ

ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿಯೇ ಬರುತ್ತದೆ. ಅಂದರೆ ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿದ್ದು. ಆದರೂ ಮೊಸರಿಗೆ ಚೆನ್ನಾಗಿ ಕಾಯಿಸಲೇಬೇಕು. ಹೆಪ್ಪಿನ ಜೊತೆ ಪೈಪೋಟಿಗೆ ನಿಲ್ಲುವ ಜೀವಿಗಳು ಸಾಯುತ್ತವೆ ಎಂಬುದು ಒಂದು ಕಾರಣ. ಹಾಲು 85 ಡಿಗ್ರಿ ದಾಟಿ ಕೆಲ ಹೊತ್ತು ಕಾದಾಗ ಅದರ ತಿಳಿಯಲ್ಲಿರುವ ಪ್ರೋಟೀನುಗಳು ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟುತ್ತವೆ, ಮೊಸರು ನೀರೊಡೆಯದೆ ಗಟ್ಟಿಯಾಗಿ ಕೂರುತ್ತದೆ ಎಂಬುದು ಇನ್ನೊಂದು. ಗೋರೆಗಾಂವ್, ಜೋಗೇಶ್ವರಿ ಕಡೆಯ ತಬೇಲೆ ಹಾಲು ತರಿಸುವವರಂತೂ ಉಕ್ಕಿಸದೆ ಒಂದು ಗುಟುಕೂ ಮಕ್ಕಳಿಗೆ ಕೊಡಬೇಡಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್, ಜಾನುವಾರು ಕ್ಷಯ ಎರಡೂ ಬರಬಹುದು.

ಕಾಯಿಸಿದ ಹಾಲನ್ನು 40ರಿಂದ 43 ಡಿಗ್ರಿಗೆ ಇಳಿಸಿ. ಥರ್ಮಾಮೀಟರ್ ಬೇಡ. ಪಾತ್ರೆಯ ಹೊರಮೈಗೆ ಅಂಗೈ ಒತ್ತಿದರೆ ಹಿತವಾದ ಬಿಸಿ ಹತ್ತಬೇಕು, ಚುರುಕ್ಕೆನ್ನಬಾರದು. ಅರ್ಧ ಲೀಟರಿಗೆ ಒಂದು ಚಿಕ್ಕ ಚಮಚ ಹೆಪ್ಪು ಸಾಕು. ಅದನ್ನು ಹಾಲಿನಲ್ಲಿ ಪೂರ್ತಿ ಕದಡಿ. ಮೇಲೆ ತೇಲಿಬಿಟ್ಟರೆ ಒಂದು ಕಡೆ ಹುಳಿ, ಇನ್ನೊಂದು ಕಡೆ ಹಾಲು ಉಳಿಯುತ್ತದೆ. ನಂತರ ಪಾತ್ರೆಯನ್ನು ಅಲುಗಾಡಿಸಬೇಡಿ. ಲ್ಯಾಕ್ಟೋಬ್ಯಾಸಿಲಸ್, ಸ್ಟ್ರೆಪ್ಟೋಕಾಕಸ್, ಲ್ಯಾಕ್ಟೋಕಾಕಸ್ ಕುಲದವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಹುಳಿಯ ಅಳತೆಯಾದ ಪಿಎಚ್ ಇಳಿದು 4.6ರ ಹತ್ತಿರ ಬಂದಾಗ ಕೇಸೀನ್ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ಗಂಟೆ, ಮಳೆಗಾಲದಲ್ಲಿ ಆರೇಳು, ಜನವರಿಯ ರಾತ್ರಿಗಳಲ್ಲಿ ಇನ್ನೂ ಹೆಚ್ಚು. ಕೂತ ಕೂಡಲೇ ಫ್ರಿಜ್ಜಿಗೆ ಇಡಿ. ಹಾಗಾಗಿ ಬೇಸಿಗೆಯಲ್ಲಿ ರಾತ್ರಿ ಹೆಪ್ಪು ಹಾಕುವ ರೂಢಿಯನ್ನೇ ಬಿಟ್ಟು, ಎಚ್ಚರವಿರುವ ಹೊತ್ತಿನಲ್ಲಿ ಹಾಕುವುದು ಒಳ್ಳೆಯದು.

ಮೊಸರು ನೂಲುನೂಲಾಗಿ ಲೋಳೆ ಬಂದರೆ ಸಾಮಾನ್ಯವಾಗಿ ಹಾಲು ತಣ್ಣಗಾದ ಮೇಲೆ ಹೆಪ್ಪು ಬಿದ್ದಿದೆ, ಅಂಟು ಸಕ್ಕರೆ ಹೆಣೆಯುವ ತಳಿಗಳು ಮೇಲುಗೈ ಪಡೆದಿವೆ ಎಂದರ್ಥ. ಇದು ವಿಷವಲ್ಲ, ಆದರೆ ಆ ಹೆಪ್ಪನ್ನು ಮುಂದುವರಿಸಬೇಡಿ. ಗುಲಾಬಿ, ಕಿತ್ತಳೆ, ಹಸಿರು ಚುಕ್ಕೆ ಕಂಡರೆ ಪೂರ್ತಿ ಚೆಲ್ಲಿ. ಊರಿಗೆ ಹೋಗಿ ಬಂದಾಗ ಹೆಪ್ಪು ಇಲ್ಲವೆಂದರೆ ಹಸಿಮೆಣಸಿನ ತೊಟ್ಟುಗಳನ್ನು ತೊಳೆದು ಬಿಸಿ ಹಾಲಿಗೆ ಹಾಕುವ ಹಳೆಯ ಉಪಾಯ ನಡೆಯುತ್ತದೆ. ತೊಟ್ಟಿನ ಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಜೊತೆ ಬೇರೆಯವೂ ಇರುವುದರಿಂದ ಮೊದಲ ಸಲ ಕೂತದ್ದನ್ನು ತಿನ್ನದೆ, ಅದರಿಂದ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿ. ಎರಡು ಸಲ ಹೀಗೆ ದಾಟಿಸಿದರೆ ಹೆಪ್ಪು ನೆಲೆಗೆ ಬರುತ್ತದೆ. ಪಕ್ಕದ ಮನೆಯವರಲ್ಲಿ ಒಂದು ಚಮಚ ಹೆಪ್ಪು ಕೇಳುವುದು ಇದಕ್ಕಿಂತ ಸುಲಭ ಎಂಬುದೂ ನಿಜ.

ಇಡ್ಲಿ, ದೋಸೆಯ ಹಿಟ್ಟು

ಹಿಟ್ಟಿಗೆ ನಾವು ಯಾವ ಹೆಪ್ಪನ್ನೂ ಹಾಕುವುದಿಲ್ಲ. ಆದರೂ ಅದು ಉಕ್ಕುತ್ತದೆ. ಉಕ್ಕಿಸುವ ಮುಖ್ಯ ಜೀವಿ ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್, ಅದು ಬರುವುದು ಹೆಚ್ಚಾಗಿ ಉದ್ದಿನಬೇಳೆಯ ಮೈಯಿಂದಲೇ. ಅದು ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಉದ್ದಿನ ಲೋಳೆ ಮತ್ತು ಪ್ರೋಟೀನು ಆ ಗುಳ್ಳೆಗಳನ್ನು ಹಿಡಿದಿಡುತ್ತವೆ. ಅಕ್ಕಿಯನ್ನಷ್ಟೇ ರುಬ್ಬಿ ಇಟ್ಟರೆ ಹುಳಿ ಬಂದರೂ ಹೂವಿನಂಥ ಇಡ್ಲಿ ಆಗದಿರುವುದು ಅದಕ್ಕೇ.

ಉದ್ದನ್ನು ಎರಡು ಮೂರು ನೀರಿನಲ್ಲಿ ತೊಳೆದರೆ ಸಾಕು, ಉಜ್ಜಿ ಉಜ್ಜಿ ಬಿಳಿ ಮಾಡಬೇಕಿಲ್ಲ. ನಾಲ್ಕು ಗಂಟೆ ನೆನೆಸಿ, ನೆನೆದ ನೀರನ್ನೇ ಸ್ವಲ್ಪ ಸ್ವಲ್ಪ ಹಾಕುತ್ತ ರುಬ್ಬಿ. ಮುಂಬಯಿಯ ಸೆಕೆಯಲ್ಲಿ ರಾತ್ರಿಯಿಡೀ ನೆನೆಸಿದ ಉದ್ದಿಗೆ ರುಬ್ಬುವ ಮೊದಲೇ ಕೆಟ್ಟ ವಾಸನೆ ಹತ್ತುತ್ತದೆ. ಮಿಕ್ಸಿಯಲ್ಲಿ ರುಬ್ಬುವವರು ತಣ್ಣೀರು ಬಳಸಿ, ನಡುನಡುವೆ ನಿಲ್ಲಿಸಿ. ಜಾರು ಕಾದರೆ ಹಿಟ್ಟೂ ಕಾಯುತ್ತದೆ. ಪಾತ್ರೆಯಲ್ಲಿ ಅರ್ಧದಷ್ಟು ಜಾಗ ಬಿಡಿ.

ಕೈಯಿಂದ ಕಲಸಿದರೇ ಹಿಟ್ಟು ಉಕ್ಕುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದ ಜೀವಿಗಳು ಬೇಳೆಯಲ್ಲೇ ಇವೆ, ಶುದ್ಧವಾದ ಸೌಟು ಅದೇ ಕೆಲಸ ಮಾಡುತ್ತದೆ. ಕೈಯಲ್ಲಿ ಗಾಯವೋ ಕೀವಿನ ಗುಳ್ಳೆಯೋ ಇದ್ದರೆ ಸ್ಟಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹಿಟ್ಟಿಗೆ ಸೇರುತ್ತದೆ. ಅದು ಬಿಡುವ ವಿಷ ಕುದಿಸಿದರೂ ಹೋಗದು.

28ರಿಂದ 32 ಡಿಗ್ರಿ ಲ್ಯೂಕೋನಾಸ್ಟಾಕಿಗೆ ಹಬ್ಬ. ಅಂದರೆ ಮುಂಬಯಿಯೇ ಅದಕ್ಕೆ ಹೇಳಿ ಮಾಡಿಸಿದ ಊರು. ಬೇಸಿಗೆಯಲ್ಲಿ ಆರೇಳು ಗಂಟೆಯಲ್ಲಿ ಹಿಟ್ಟು ಸಿದ್ಧ. ರಾತ್ರಿ ರುಬ್ಬುವುದೇ ಅನಿವಾರ್ಯವಾದರೆ ಉಪ್ಪನ್ನು ಮೊದಲೇ ಹಾಕಿ, ಹುದುಗು ಸ್ವಲ್ಪ ನಿಧಾನವಾಗುತ್ತದೆ. ಜನವರಿಯಲ್ಲಿ ಉಪ್ಪನ್ನು ಕೊನೆಗೆ ಹಾಕಿ, ದೀಪ ಉರಿಯುವ ಓವನ್ನಿನೊಳಗೋ ಬಿಸಿಯಾಗಿರುವ ಕುಕ್ಕರಿನ ಪಕ್ಕದಲ್ಲೋ ಇಡಿ. ಉಕ್ಕಿದ ಮೇಲೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಸಾಕು. ಹುಳಿ ವಾಸನೆ ಸಹಜ, ಕೊಳೆತ ವಾಸನೆ ಅಥವಾ ಬಣ್ಣದ ಬೂಷ್ಟು ಸಹಜವಲ್ಲ. ಮೇಲಿನ ಪದರ ತೆಗೆದು ಉಳಿದದ್ದನ್ನು ಹುಯ್ಯುವ ಲೋಭಕ್ಕೆ ಬೀಳಬೇಡಿ.

ಅನ್ನ, ಸಾಂಬಾರು ಮತ್ತು ಡಬ್ಬಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮನೆಯಲ್ಲಿ ನಡೆಯುವ ಹೊಟ್ಟೆನೋವು, ವಾಂತಿಗಳಿಗೆ ನಾವು ಹೊರಗಿನ ಪಾನಿಪೂರಿಯನ್ನು ದೂರುತ್ತೇವೆ. ಎಷ್ಟೋ ಸಲ ಕಾರಣ ನಮ್ಮದೇ ಕುಕ್ಕರಿನಲ್ಲಿರುತ್ತದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಮಾನ್ಯವಾಗಿ ಇರುತ್ತವೆ. ಅನ್ನ ಬೆಂದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಬೀಜಾಣು ಉಳಿಯುತ್ತದೆ. ಅನ್ನ ಆರಿ ಬೆಚ್ಚಗಾದಾಗ ಅದು ಮೊಳೆತು ಹೆಚ್ಚಿ ವಿಷ ಬಿಡುತ್ತದೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಒಡೆಯುವುದಿಲ್ಲ. ರಾತ್ರಿ ಎಂಟಕ್ಕೆ ಮಾಡಿದ ಅನ್ನ ಬೆಳಗಿನವರೆಗೆ ಮುಚ್ಚಿದ ಕುಕ್ಕರಿನಲ್ಲೇ ಇತ್ತು, ಬೆಳಿಗ್ಗೆ ಚೆನ್ನಾಗಿ ಹುರಿದು ಚಿತ್ರಾನ್ನ ಮಾಡಿದೆವು ಎಂದರೆ ಆ ಬಿಸಿ ನಮ್ಮನ್ನು ಕಾಪಾಡದು. ವಾಸನೆ ನೋಡಿ ನಿರ್ಧರಿಸುವುದೂ ಸಾಲದು. ಹಳಸಿದ ವಾಸನೆ ತರುವ ಜೀವಿಗಳೇ ಬೇರೆ, ರೋಗ ತರುವವುಗಳಲ್ಲಿ ಎಷ್ಟೋ ವಾಸನೆ ಕೊಡುವುದೇ ಇಲ್ಲ.

ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಫ್ಯಾನಿನ ಕೆಳಗೆ ಹಬೆ ಆರಿಸಿ. ಒಂದು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಫ್ರಿಜ್ಜು 5 ಡಿಗ್ರಿಗಿಂತ ಕೆಳಗಿರಲಿ. ಮರುದಿನವೇ ಮುಗಿಸಿ, ಒಂದೇ ಸಲ ಬಿಸಿ ಮಾಡಿ.

ಹಾಗಾದರೆ ನಮ್ಮ ತಂಗಳನ್ನ? ಆರಿದ ಅನ್ನವನ್ನು ಆಗಿಂದಾಗಲೇ ನೀರಿನಲ್ಲಿ ಮುಳುಗಿಸಿ, ಎರಡು ಚಮಚ ಹುಳಿ ಮಜ್ಜಿಗೆ ಬೆರೆಸಿಟ್ಟರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿಯುತ್ತವೆ, ಹುಳಿ ಏರುತ್ತ ಹೋದಂತೆ ಇತರ ಜೀವಿಗಳಿಗೆ ಬೆಳೆಯುವುದು ಕಷ್ಟ. ಮಜ್ಜಿಗೆ ಹಾಕುವುದನ್ನು ಬಿಡಬೇಡಿ. ಕುಕ್ಕರಿನಲ್ಲಿ ರಾತ್ರಿ ಕಳೆದ ಅನ್ನಕ್ಕೆ ಬೆಳಿಗ್ಗೆ ಮಜ್ಜಿಗೆ ಹುಯ್ದರೆ ಅದು ತಂಗಳನ್ನವಾಗುವುದಿಲ್ಲ.

ಸಾಂಬಾರಿನ ಕಥೆ ಪಾತ್ರೆಯ ಗಾತ್ರದ್ದು. ದೊಡ್ಡ ಹಂಡೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ, ಅಲ್ಲಿ ಗಾಳಿಯೂ ಇಲ್ಲ. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಜೀವಿಗೆ ಬೇಕಾದದ್ದು ಅಷ್ಟೇ. ಗಣಪತಿ ಹಬ್ಬದಲ್ಲಿ, ಸಂಘದ ಸಮಾರಂಭಗಳಲ್ಲಿ ಬೆಳಿಗ್ಗೆಯೇ ಮಾಡಿದ ಹುಳಿಯನ್ನು ಮಧ್ಯಾಹ್ನ ಮೂರರವರೆಗೆ ಬಡಿಸುವವರು ಅದನ್ನು ಸಣ್ಣ ಉರಿಯ ಮೇಲೆ ಬಿಸಿಯಾಗಿಯೇ ಇಟ್ಟಿರಬೇಕು. ಮಿಕ್ಕದ್ದನ್ನು ಮನೆಗೆ ಒಯ್ಯುವವರು ಸಣ್ಣ ಪಾತ್ರೆಗಳಿಗೆ ಹಂಚಿ ತಣಿಸಿ, ತಿನ್ನುವ ಮೊದಲು ಕುದಿಸಿ.

ಇನ್ನು ಡಬ್ಬಿ. ಬೆಳಿಗ್ಗೆ ಆರಕ್ಕೆ ಅಡುಗೆ ಆಗಿ, ಡೊಂಬಿವಲಿಯ ಫಾಸ್ಟ್ ಲೋಕಲಿನಲ್ಲಿ ಜನರ ನಡುವೆ ಬೆಂದು, ಆಫೀಸಿನಲ್ಲಿ ಒಂದಕ್ಕೆ ತೆರೆದರೆ ಏಳು ಗಂಟೆ ಕಳೆದಿರುತ್ತದೆ. ಬಿಸಿ ಉಳಿಸುವ ಡಬ್ಬಿಯಾದರೆ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ನಂತರ ಹೊಗೆಯಾಡುವ ಅಡುಗೆ ತುಂಬಿ. ಸಾದಾ ಡಬ್ಬಿಯಾದರೆ ಪೂರ್ತಿ ಆರಿದ ಮೇಲೆ ಮುಚ್ಚಿ. ಅರೆಬಿಸಿ ಮುಚ್ಚುವುದೇ ಎಲ್ಲಕ್ಕಿಂತ ಕೆಟ್ಟದ್ದು. ಚಪಾತಿ ಜೊತೆ ಒಣ ಪಲ್ಯ, ಪುಳಿಯೋಗರೆ, ನಿಂಬೆ ಚಿತ್ರಾನ್ನ ತಡೆದುಕೊಳ್ಳುತ್ತವೆ. ಹಸಿ ತೆಂಗಿನಕಾಯಿ ಚಟ್ನಿ, ಕಾಯಿ ಸುರಿದ ಪಲ್ಯ, ಕಾಯಿಹಾಲಿನ ಪದಾರ್ಥ ಮಾರ್ಚಿನಿಂದ ಅಕ್ಟೋಬರಿನವರೆಗೆ ಡಬ್ಬಿಗೆ ಬೇಡವೇ ಬೇಡ. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದೇ ಚಮಚ ಮೊಸರು ಬೆರೆಸುವ ಪ್ರಯಾಣದ ಪದ್ಧತಿಗಿಂತ, ಆರಿದ ಅನ್ನಕ್ಕೆ ಮೊದಲೇ ತಣ್ಣನೆಯ ಮೊಸರು ಕಲಸುವುದು ಮೇಲು. ಕಾಪಾಡುವ ಹುಳಿ ಮೊದಲ ನಿಮಿಷದಿಂದಲೇ ಅದರಲ್ಲಿರುತ್ತದೆ.

ಮೀನು ತರುವವರಿಗೆ

ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಬರ್ಫವಿಲ್ಲದೆ ಬಿಸಿಲಿಗೆ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅಂಥ ಮೀನು ತಿಂದ ಒಂದು ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ. ಮೀನಿನ ಅಲರ್ಜಿ ಎಂದು ಎಷ್ಟೋ ಜನ ತಪ್ಪು ತಿಳಿಯುವುದು ಇದನ್ನೇ. ಎಷ್ಟು ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಿರಬೇಕು, ಮೀನು ಬರ್ಫದ ಮೇಲಿರಬೇಕು, ಬರ್ಫದ ಪಕ್ಕದಲ್ಲಲ್ಲ. ಬೇರೆ ಕೆಲಸಗಳೆಲ್ಲ ಮುಗಿದ ಮೇಲೆ ಮೀನು ಮಾರ್ಕೆಟ್ಟಿಗೆ ಹೋಗಿ, ನೇರ ಮನೆಗೆ ಬನ್ನಿ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಸಿಂಕಿನ ಸುತ್ತ ಸಿಡಿಯುತ್ತದೆ. ಬೇಯಿಸುವ ಬಿಸಿಯೇ ಅದನ್ನು ಕೊಲ್ಲುತ್ತದೆ.

ನೀರು

ಮುಂಬಯಿಗೆ ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ಮಧ್ಯ ವೈತರ್ಣಾ, ಮೇಲಿನ ವೈತರ್ಣಾ, ವಿಹಾರ, ತುಳಸಿ ಎಂಬ ಏಳು ಜಲಾಶಯಗಳಿಂದ ನೀರು ಬರುತ್ತದೆ. ಶುದ್ಧೀಕರಿಸಿ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ತೊಂದರೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದ ಈಚೆಗೆ. ನೀರು ದಿನಕ್ಕೆ ಕೆಲವೇ ಗಂಟೆ ಬರುವುದರಿಂದ ಉಳಿದ ಹೊತ್ತು ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಬಿರುಕಿದ್ದಲ್ಲಿ ಸುತ್ತಲಿನ ಗಟಾರದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಸಂಶೋಧಕರು ದಿನವಿಡೀ ನೀರು ಬರುವ ವಾರ್ಡುಗಳನ್ನೂ ಬಿಟ್ಟುಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಲಿನತೆ ಹೆಚ್ಚು, ಅದರಲ್ಲೂ ನೀರು ಬಂದ ಮೊದಲ ಹೊತ್ತಿನಲ್ಲಿ ಮತ್ತು ಮಳೆಗಾಲದಲ್ಲಿ.

ನೇರ ನಲ್ಲಿ ಇರುವ ಚಾಳುಗಳವರು ಮೊದಲ ಕೆಲವು ನಿಮಿಷದ ನೀರನ್ನು ಬಟ್ಟೆಗೋ ನೆಲ ಒರೆಸಲೋ ಹಿಡಿದಿಟ್ಟು, ತಿಳಿಯಾದ ಮೇಲೆ ಕುಡಿಯಲು ತುಂಬಿ. ಸೊಸೈಟಿಗಳಲ್ಲಿ ನೆಲದಡಿಯ ಟಾಂಕಿಯೂ ಟೆರೇಸಿನ ಟಾಂಕಿಯೂ ವರ್ಷಕ್ಕೆ ಎರಡು ಸಲವಾದರೂ ತೊಳೆಯಿಸಬೇಕು, ಒಂದು ಸಲ ಮಳೆಗೆ ಮುಂಚೆ. ಸಭೆಯಲ್ಲಿ ಪಾರ್ಕಿಂಗಿನ ಬಗ್ಗೆ ಮಾತಾಡುವಷ್ಟು ಹೊತ್ತನ್ನು ಟಾಂಕಿಯ ಮುಚ್ಚಳದ ಬಗ್ಗೆಯೂ ಮಾತಾಡಿ. ನೆಲದಡಿಯ ಟಾಂಕಿಯ ಮುಚ್ಚಳ ನೆಲಕ್ಕೆ ಸಮವಾಗಿದ್ದರೆ ಮಳೆನೀರು ಸೀದಾ ಒಳಗೆ ಹೋಗುತ್ತದೆ, ಕಟ್ಟೆ ಎತ್ತರಿಸಬೇಕು.

ಕುಡಿಯುವ ನೀರಿಗೆ ಕುದಿಸುವುದೇ ನನ್ನ ಮೊದಲ ಆಯ್ಕೆ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಟೈಫಾಯ್ಡ್, ಕಾಲರಾ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಎಲ್ಲವೂ ಅಲ್ಲಿಗೆ ಮುಗಿಯುತ್ತವೆ. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿನ ದಂಡ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ನಲ್ಲಿ ಇರುವ ಪಾತ್ರೆಯಿಂದ ಹಿಡಿದು ಕುಡಿಯಿರಿ. ಲೋಟ ಅದ್ದಿದರೆ ಬೆರಳೂ ಅದ್ದಿದಂತೆ. ಯುವಿ ಯಂತ್ರ ಒಳ್ಳೆಯದೇ, ಆದರೆ ಕಲಕು ನೀರಿನಲ್ಲಿ ಬೆಳಕು ದಾಟದು. ಬರೀ ಕ್ಯಾಂಡಲ್ ಫಿಲ್ಟರ್ ವೈರಸ್ಸನ್ನು ತಡೆಯದು. ಕೆರೆಯ ನೀರಿನಲ್ಲಿ ಲವಣ ಕಡಿಮೆಯಿರುವುದರಿಂದ ಪಾಲಿಕೆಯ ನೀರು ಬರುವ ಮನೆಗೆ ಆರ್‌ಓ ಬೇಕಿಲ್ಲ, ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಿ ನಿರ್ಧರಿಸಿ. ತಾಮ್ರದ ಚೊಂಬಿನಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸಾಯುವುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಇದ್ದರೆ ಬಳಸಿ, ಆದರೆ ಕುದಿಸುವುದರ ಬದಲಿಗೆ ಅಲ್ಲ.

ಬರ್ಫದ ಬಗ್ಗೆ ಒಂದು ಮಾತು: ಹೆಪ್ಪುಗಟ್ಟಿಸಿದರೆ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ, ಮಲಗುತ್ತವೆ. ಮಹಾರಾಷ್ಟ್ರದಲ್ಲಿ ತಿನ್ನಲು ಅಲ್ಲದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂಬ ನಿಯಮ 2018ರಲ್ಲಿ ಬಂತು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಯಲ್ಲಿ ಸುತ್ತಿದ ಬರ್ಫ ಕಂಡರೆ ‘ಬಿನಾ ಬರ್ಫ್’ ಅನ್ನಿ.

ಮಳೆಗಾಲದ ನಾಲ್ಕು ತಿಂಗಳು

ಮೊದಲನೆಯದು ಬೂಷ್ಟು. ಬ್ರೆಡ್ಡಿನ ಒಂದು ತುಂಡಿನಲ್ಲಿ ಹಸಿರು ಕಂಡರೆ ಅದರ ಎಳೆಗಳು ಮೆತ್ತನೆಯ ಭಾಗದಲ್ಲೆಲ್ಲ ಹರಡಿರುತ್ತವೆ, ಪೊಟ್ಟಣವನ್ನೇ ಎಸೆಯಿರಿ. ಕಡಲೆಕಾಯಿ, ಕೊಬ್ಬರಿ, ಒಣಮೆಣಸಿನಕಾಯಿ, ಜೋಳಗಳ ಮೇಲಿನ ಬೂಷ್ಟು ಇನ್ನೂ ಗಂಭೀರ. ಆಸ್ಪರ್ಜಿಲಸ್ ಶಿಲೀಂಧ್ರ ಬಿಡುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳದಿಂದ ನೂರಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಅದು ಮುಸುಕಿನ ಜೋಳ. ಒರೆಸಿ ಬಿಸಿಲಿಗಿಟ್ಟು ಬಳಸುವ ಮಾತೇ ಬೇಡ. ಜೂನಿಗೆ ಮುಂಚೆ ಇವನ್ನೆಲ್ಲ ಒಣಗಿಸಿ ಗಾಳಿಯಾಡದ ಡಬ್ಬಿಗೆ ತುಂಬಿ, ಕೊಬ್ಬರಿ ಮತ್ತು ಕಡಲೆಕಾಯಿಯನ್ನು ಫ್ರಿಜ್ಜಿನಲ್ಲಿಡಿ. ಊರಿನಿಂದ ಮೂಟೆಗಟ್ಟಲೆ ತರುವುದನ್ನು ಮಳೆ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ.

ಒಣಗದ ಬಟ್ಟೆಯ ಮುಗ್ಗು ವಾಸನೆ ಮೊರಾಕ್ಸೆಲ್ಲ ಓಸ್ಲೊಎನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಸುಗಂಧದ ದ್ರಾವಣ ಅದನ್ನು ಮುಚ್ಚುತ್ತದಷ್ಟೇ. ಬಟ್ಟೆಗಳ ನಡುವೆ ಜಾಗ ಬಿಟ್ಟು ಫ್ಯಾನಿನಡಿ ಹರಡಿ, ಒಳ ಉಡುಪುಗಳನ್ನು ಎರಡೂ ಕಡೆ ಇಸ್ತ್ರಿ ಮಾಡಿ. ಒದ್ದೆ ಬಟ್ಟೆ ತೊಟ್ಟು ಲೋಕಲಿನಲ್ಲಿ ಓಡಾಡುವವರಿಗೆ ತೊಡೆಸಂದು, ಸೊಂಟದಲ್ಲಿ ಗಜಕರ್ಣ ಬರುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ನಾಲ್ಕು ದಿನ ಅಡಗಿಸಿ ಶಿಲೀಂಧ್ರವನ್ನು ಹರಡುತ್ತದೆ. ಸಾಮಾನ್ಯ ಔಷಧಿ ಟರ್ಬಿನಾಫಿನ್‌ಗೆ ಬಗ್ಗದ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ತಳಿ ಈಗ ದೇಶದುದ್ದಕ್ಕೂ ಇದೆ. ಮೊದಲ ವಾರದಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ.

ನಿಂತ ನೀರು ಎಲ್ಲಕ್ಕಿಂತ ಅಪಾಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಆನಂತರದ ವಾರಗಳಲ್ಲಿ ಇಲಿಜ್ವರ ನಗರವನ್ನು ಹಿಂಡಿತು. ಇಲಿ, ನಾಯಿ, ದನಗಳ ಮೂತ್ರದಿಂದ ನೀರಿಗಿಳಿಯುವ ಲೆಪ್ಟೋಸ್ಪೈರಾ ಎಂಬ ಇಲಿಜ್ವರದ ಬ್ಯಾಕ್ಟೀರಿಯಾ ಕಾಲಿನ ಸಣ್ಣ ಗಾಯದಿಂದಲೂ ಒಳಸೇರುತ್ತದೆ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಾಯನ್ ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದವರು ಸೋಪಿನಿಂದ ಕಾಲು ತೊಳೆದು ಒರೆಸಿಕೊಳ್ಳಿ. ಅಷ್ಟಕ್ಕೆ ನಿಲ್ಲಬೇಡಿ. 24ರಿಂದ 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಔಷಧಿ ಪಡೆಯಿರಿ ಎಂದು ಪಾಲಿಕೆ ಪ್ರತಿ ಮಳೆಗಾಲ ಹೇಳುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧಿ ಬೇರೆ, ಆದ್ದರಿಂದ ಮನೆಯವರ ಮಾತ್ರೆಯನ್ನೇ ಹಂಚಿಕೊಳ್ಳಬೇಡಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.

ಕೈ, ಸ್ಪಂಜು, ಬ್ಲೀಚು

ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆದ ಕೈಗೆ ಸಮನಾದದ್ದು ಇಲ್ಲ. ಭೇದಿ ತರುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ಪಾತ್ರೆ ತಿಕ್ಕುವ ಸ್ಪಂಜನ್ನು ಹಿಂಡಿ ಒಣಗಲು ಬಿಡಿ, ಎರಡು ವಾರಕ್ಕೊಮ್ಮೆ ಬದಲಿಸಿ. ಒಣಗುವ ತೆಂಗಿನ ನಾರು ಅದಕ್ಕಿಂತ ಮೇಲು. ಅಡುಗೆಮನೆಯ ಕೈಬಟ್ಟೆಯನ್ನು ದಿನವೂ ಬದಲಿಸಿ. ಬ್ಲೀಚನ್ನೂ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಎಂದೂ ಬೆರೆಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣ ತೆಗೆಯಬಲ್ಲದು. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿ.

ಹೊಟ್ಟೆ ಕೆಟ್ಟಾಗ

ಭೇದಿಯಲ್ಲಿ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ನೀರು ಮತ್ತು ಲವಣ ಹೋಗುವುದರಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲಾನಬಿಸ್ ಸಕ್ಕರೆ, ಉಪ್ಪಿನ ದ್ರಾವಣವನ್ನೇ ಬಾಯಿಂದ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಅದೇ ಇಂದಿನ ಓಆರ್‌ಎಸ್. ಪುಡಿಯ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ, ಅದರಲ್ಲಿ ಹೇಳಿದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕದಡಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಮಕ್ಕಳಿಗೆ ಡಾಕ್ಟರು ಹೇಳುವ ಜಿಂಕನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಕೊಡಿ. ಮಲದಲ್ಲಿ ರಕ್ತ, ಮೂತ್ರ ಬಾರದಿರುವುದು, ಮಗು ಮಂಕಾಗಿರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ನಾಟುವ ಕಡೆಯೂ ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಸೇರಿಸಿ ಕೊಲ್ಲುತ್ತದೆ, ಅರ್ಧಂಬರ್ಧ ಬಳಸಿದರೆ ಉಳಿದವು ಬಗ್ಗದ ತಳಿಗಳಾಗುತ್ತವೆ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದು ಎಂದರ್ಥ. ಹೋದ ವರ್ಷ ಮಿಕ್ಕ ಮಾತ್ರೆಯನ್ನು ಈ ವರ್ಷದ ಜ್ವರಕ್ಕೆ ನುಂಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ ಇದೆ, ಅದನ್ನು ಬಿಡಲೇಬೇಕು.

ಲಸಿಕೆಯ ವಿಷಯದಲ್ಲಿ ಈ ನಗರಕ್ಕೆ ದೊಡ್ಡ ಚರಿತ್ರೆಯಿದೆ. 1896ರಲ್ಲಿ ಪ್ಲೇಗ್ ಬಂದಾಗ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಭೈಖಳಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು, ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಅದರಡಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿ, ಬಿಸಿಯಿಂದ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡದ್ದು ತಮಗೇ. ಪರೇಲಿನ ಹಾಫ್‌ಕಿನ್ ಸಂಸ್ಥೆ ಅವರ ಹೆಸರಿನದು. 2018ರಲ್ಲಿ ನವಿ ಮುಂಬಯಿ ಪಾಲಿಕೆ ಟೈಫಾಯ್ಡಿನ ಹೊಸ ಕಾಂಜುಗೇಟ್ ಲಸಿಕೆಯನ್ನು 9 ತಿಂಗಳಿಂದ 14 ವರ್ಷದವರೆಗಿನ ಮಕ್ಕಳಿಗೆ ಹಾಕಿತು. ಮೊದಲ ಹಂತದಲ್ಲೇ 1 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಅದು ಸಿಕ್ಕಿತು. ನಿಮ್ಮ ಮಕ್ಕಳ ಲಸಿಕೆಯ ಪುಸ್ತಕದಲ್ಲಿ ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಸಾಲುಗಳು ಖಾಲಿ ಇವೆಯೇ ನೋಡಿ. ಖಾಲಿ ಇದ್ದರೆ ಮಕ್ಕಳ ಡಾಕ್ಟರಲ್ಲಿ ವಿಚಾರಿಸಿ, ಮೇ ಮುಗಿಯುವ ಮೊದಲೇ ಹಾಕಿಸಿ.